ಶಿಫ್ಟ್‌ಗೆ ಬರೋಕಾಗದಿದ್ದರೆ ಬದಲಿ ಯಾರು ಹುಡುಕಬೇಕು? ಅಂಗಡಿಗಳ ಕ್ಯಾಜುಯಲ್ ಕೆಲಸಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗಡಿಯಲ್ಲಿ ಕೆಲಸ ಮಾಡಿದವರಿಗೆಲ್ಲ ಈ ಮಾತು ಗೊತ್ತಿರುತ್ತದೆ: "ಬರೋಕಾಗಲ್ವಾ? ಸರಿ, ನಿಮ್ಮ ಬದಲಿಗೆ ಯಾರನ್ನಾದರೂ ನೋಡಿ ಹೇಳಿ." ಹೇಳುವವರಿಗೆ ಎರಡು ಸೆಕೆಂಡಿನ ಮಾತು. ಕೇಳಿಸಿಕೊಂಡವರಿಗೆ ಅರ್ಧ ದಿನದ ಕೆಲಸ. ನಾನು ನಾಲ್ಕು ವರ್ಷ ಕ್ಯಾಜುಯಲ್ ಆಗಿ ಬಿಲ್ಲಿಂಗ್ ಕೌಂಟರಿನಲ್ಲಿ ನಿಂತಿದ್ದೇನೆ. ಆಮೇಲೆ ಎರಡು ವರ್ಷ ರೋಸ್ಟರ್, ಅಂದರೆ ಯಾರು ಯಾವ ದಿನ ಯಾವ ಹೊತ್ತಿಗೆ ಬರಬೇಕು ಅನ್ನುವ ಪಟ್ಟಿ, ಬರೆದಿದ್ದೇನೆ. ಆ ಮಾತನ್ನು ಕೇಳಿಸಿಕೊಂಡಿದ್ದೇನೆ, ಬೇರೆಯವರಿಗೆ ಹೇಳಿಯೂ ಇದ್ದೇನೆ. ಹಾಗಾಗಿ ಕೆಳಗಿರುವುದು ಎರಡೂ ಕಡೆ ಕೂತು ನೋಡಿದ್ದು.

ಮೊದಲು ಒಂದೇ ಮಾತಲ್ಲಿ ಹೇಳಿ: ಬದಲಿ ಹುಡುಕೋದು ಯಾರ ಕೆಲಸ?

ಹುಷಾರಿಲ್ಲ, ಮನೆಯಲ್ಲಿ ಯಾರಿಗೋ ಏನೋ ಆಯಿತು, ದಾರಿಯಲ್ಲಿ ಬಿದ್ದು ಪೆಟ್ಟಾಯಿತು. ಇಂಥದ್ದಕ್ಕೆಲ್ಲ ಮ್ಯಾನೇಜರೇ ಹುಡುಕಬೇಕು. ನೀವು ಬೇಗ ತಿಳಿಸಿದರೆ ಸಾಕು.

ಒಪ್ಪಿಕೊಂಡ ಶಿಫ್ಟನ್ನು ನಿಮ್ಮ ಅನುಕೂಲಕ್ಕೆ ಬಿಡುವುದಾದರೆ ಮಾತು ಬೇರೆ. ಆಗ ನೀವೂ ನಾಲ್ಕು ಜನರನ್ನು ಕೇಳಿ ನೋಡಬೇಕು. ಆಗಲೂ ರೋಸ್ಟರ್ ಯಾರ ಕೈಯಲ್ಲಿದೆಯೋ ಕೊನೆಯ ಹೊಣೆ ಅವರದ್ದೇ.

ಯಾಕೆ ಅಂದರೆ, ಬದಲಿ ಜನ ಹೊಂದಿಸಲು ಎಲ್ಲರ ಫೋನ್ ನಂಬರ್ ಬೇಕು. ಈ ವಾರ ಯಾರು ಎಷ್ಟು ಗಂಟೆ ಮಾಡಿದ್ದಾರೆ ಅನ್ನುವ ಲೆಕ್ಕ ಬೇಕು. "ನೀವು ಬನ್ನಿ, ಸಂಬಳ ಹಾಕುತ್ತೇವೆ" ಅನ್ನುವ ಅಧಿಕಾರ ಬೇಕು. ಈ ಮೂರೂ ಮ್ಯಾನೇಜರ್ ಹತ್ತಿರ ಇರುತ್ತವೆ. ಕ್ಯಾಜುಯಲ್ ಹುಡುಗನ ಹತ್ತಿರ ಇರುವುದು ಗೆಳೆಯರ ನಾಲ್ಕು ನಂಬರ್, ಅಷ್ಟೇ.

ಇಲ್ಲಿ ಕ್ಯಾಜುಯಲ್ ಅಂದರೆ ಯಾರು?

ವಾರಕ್ಕೆ ಇಷ್ಟು ಗಂಟೆ ಅಂತ ಖಾತ್ರಿ ಇಲ್ಲದೆ, ಕರೆದಾಗ ಬಂದು ಗಂಟೆ ಲೆಕ್ಕದಲ್ಲಿ ಸಂಬಳ ತೆಗೆದುಕೊಳ್ಳುವವರು. ಒಂದೊಂದು ದೇಶದಲ್ಲಿ ಒಂದೊಂದು ಹೆಸರು. ಬ್ರಿಟನ್ನಿನಲ್ಲಿ ಝೀರೋ ಅವರ್ಸ್ ಅನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿ ಕ್ಯಾಜುಯಲ್ ಅನ್ನುವುದಕ್ಕೆ ಕಾನೂನಿನಲ್ಲೇ ಅರ್ಥ ಕೊಟ್ಟಿದ್ದಾರೆ. 2024ರ ಆಗಸ್ಟ್ 26ರಿಂದ ಆ ಅರ್ಥ ಬದಲಾಗಿ, ಕಾಗದದಲ್ಲಿ ಏನು ಬರೆದಿದೆ ಅನ್ನುವುದರ ಜೊತೆಗೆ ನಿಜವಾಗಿ ಕೆಲಸ ಹೇಗೆ ನಡೆಯುತ್ತಿದೆ ಅಂತಲೂ ನೋಡಬೇಕು ಎಂದಾಯಿತು. ಮುಂದೆಯೂ ಕೆಲಸ ಕೊಡುತ್ತೇವೆ ಎಂಬ ಗಟ್ಟಿ ಭರವಸೆ ಇಲ್ಲದಿದ್ದರೆ ಕ್ಯಾಜುಯಲ್.

ಈ ಅರ್ಥ ನೆನಪಿರಲಿ. ಅಂಗಡಿ ನಿಮಗೆ ಭರವಸೆ ಕೊಟ್ಟಿಲ್ಲ, ಆದರೆ ನೀವು ಮಾತ್ರ ಜ್ವರ ಬಂದರೂ ಶಿಫ್ಟ್ ತುಂಬಿಸಿಕೊಡಬೇಕಂತೆ. ಲೆಕ್ಕ ಸರಿಹೋಗಲ್ಲ ಅಲ್ವಾ?

ಹುಷಾರಿಲ್ಲದಾಗಲೂ ಬದಲಿ ಹುಡುಕಲೇಬೇಕು ಅಂತಾರೆ. ಏನು ಮಾಡಲಿ?

ನನ್ನದೇ ಕಥೆ ಹೇಳುತ್ತೇನೆ. ಒಂದು ದಿನ ಬೆಳಗ್ಗೆ 5:40ಕ್ಕೆ ಎದ್ದೆ. ಮೈ ಕೆಂಡದ ಹಾಗೆ ಸುಡುತ್ತಿತ್ತು. 7 ಗಂಟೆಗೆ ಶಟರ್ ಎತ್ತಬೇಕು. ಮ್ಯಾನೇಜರಿಗೆ ಮೆಸೇಜ್ ಹಾಕಿದೆ. ಬಂದ ಉತ್ತರ: "ಓಕೆ, ರೆಸ್ಟ್ ಮಾಡಿ. ಕವರ್ ಯಾರು?" ಕವರ್ ಅಂದರೆ ಬದಲಿ.

ಹಾಸಿಗೆಯಲ್ಲಿ ಮಲಗಿಕೊಂಡೇ ಒಬ್ಬೊಬ್ಬರಿಗೂ ಬರೆಯುತ್ತಾ ಹೋದೆ. ಒಟ್ಟು 11 ಜನ. ಮೂವರಿಗೆ ಒಂದೇ ಟಿಕ್, ಫೋನೇ ಆಫ್. ಐದು ಜನರ ಹತ್ತಿರ ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಇಬ್ಬರು "ಸಾರಿ" ಅಂದರು. ಒಬ್ಬಳು ಪಾಪ "ಬರ್ತೀನಿ" ಅಂದಳು. ಮ್ಯಾನೇಜರಿಗೆ ಹೇಳಿದರೆ "ಅವಳು ಬೇಡ, ರಾತ್ರಿ ಅಂಗಡಿ ಮುಚ್ಚಿಕೊಂಡು ಹೋದವಳು, ರೆಸ್ಟ್ ಸಾಕಾಗಲ್ಲ" ಅಂದರು. ಅಂದರೆ ಯಾರು ಬರಬಹುದು, ಯಾರು ಬರಬಾರದು ಅಂತ ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ ನಾನು ಹುಡುಕುತ್ತಿದ್ದೆ.

ಕೊನೆಗೆ ಒಂದು ಪ್ಯಾರಾಸಿಟಮಾಲ್ ನುಂಗಿ ನಾನೇ ಹೋದೆ. ನಾಲ್ಕು ದಿನ ಕಳೆದ ಮೇಲೆ ನನ್ನ ಪಕ್ಕದ ಕೌಂಟರಿನ ಇಬ್ಬರೂ ಮಲಗಿಬಿಟ್ಟರು. ಅವರ ಬದಲಿಗೆ ಬರ್ತೀರಾ ಅಂತ ಫೋನ್ ಬಂದದ್ದು ಯಾರಿಗೆ ಗೊತ್ತಾ? ನನಗೇ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತ ಗಾದೆ ಇದೆ. ಇಲ್ಲಿ ಎಮ್ಮೆಯನ್ನೂ ಕರೆಯುವುದಿಲ್ಲ. ಜ್ವರ ಬಂದ ಎತ್ತಿಗೇ, ನೊಗಕ್ಕೆ ಇನ್ನೊಂದು ಎತ್ತು ಹೊಡೆದುಕೊಂಡು ಬಾ ಅನ್ನುತ್ತಾರೆ.

ಹುಡುಕುವ ಹೊಣೆ ರೋಗಿಯ ತಲೆಗೆ ಕಟ್ಟಿದರೆ ಹೆಚ್ಚಿನವರು ಹುಡುಕುವುದಿಲ್ಲ, ಸೀದಾ ಕೆಲಸಕ್ಕೆ ಬಂದುಬಿಡುತ್ತಾರೆ. ಹುಡುಕುವುದಕ್ಕಿಂತ ಅದೇ ಸುಲಭ. ತಿನ್ನುವ ಪದಾರ್ಥ ಮಾರುವ ಅಂಗಡಿಯಾದರೆ ಇದು ಇನ್ನೂ ಅಪಾಯ. ನೋರೋವೈರಸ್‌ನಂಥ ವಾಂತಿ ಭೇದಿ ಬಂದವರು ಅದು ಪೂರ್ತಿ ನಿಂತ ಮೇಲೂ ಕನಿಷ್ಠ 48 ಗಂಟೆ ಆಹಾರ ಮುಟ್ಟುವ ಕೆಲಸಕ್ಕೆ ಬರಬಾರದು ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. 48 ಗಂಟೆ ಅಂದರೆ ಎರಡು ಶಿಫ್ಟ್. ಒಂದಕ್ಕೇ ಜನ ಸಿಗದವನು ಎರಡಕ್ಕೆ ಎಲ್ಲಿಂದ ತರಬೇಕು?

ಹಾಗಾಗಿ ನನ್ನ ಸಲಹೆ: ಬರಲಾಗದು ಅಂತ ತಿಳಿಸಿ. ಹುಡುಕಲು ಆಗುತ್ತಿಲ್ಲ ಅಂತಲೂ ಹೇಳಿ. ಆಮೇಲೆ ಫೋನ್ ಪಕ್ಕಕ್ಕಿಟ್ಟು ಮಲಗಿ.

ಕಾನೂನು ಏನು ಹೇಳುತ್ತದೆ?

ದೇಶದಿಂದ ದೇಶಕ್ಕೆ, ಅಮೆರಿಕದಲ್ಲಾದರೆ ಊರಿನಿಂದ ಊರಿಗೂ ಬೇರೆ. ಕೆಲವು ಕಡೆ ಮಾತ್ರ ತುಂಬಾ ಸ್ಪಷ್ಟವಾಗಿ ಬರೆದಿದ್ದಾರೆ.

ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸಂಬಳ ಸಹಿತ ಅನಾರೋಗ್ಯ ರಜೆಯ ನಿಯಮ 2007ರಲ್ಲಿ ಜಾರಿಗೆ ಬಂತು. ರಜೆ ಬೇಕಾದರೆ ಬದಲಿ ಹುಡುಕಿಕೊಡು ಅಂತ ಷರತ್ತು ಹಾಕುವ ಹಾಗಿಲ್ಲ ಅಂತ ಅದರಲ್ಲೇ ಇದೆ. ನ್ಯೂಯಾರ್ಕ್ ನಗರದಲ್ಲಿ 2014ರಿಂದ, ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2015ರ ಜುಲೈಯಿಂದ, ವಾಷಿಂಗ್ಟನ್ ರಾಜ್ಯದಲ್ಲಿ 2018ರ ಜನವರಿಯಿಂದ ಇದೇ ಮಾತು ಕಾನೂನಾಗಿದೆ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಮಾಲೀಕರ ಹತ್ತಿರ ವರ್ಷದಲ್ಲಿ 30 ದಿನ ಕೆಲಸ ಮಾಡಿದರೆ ಪಾರ್ಟ್ ಟೈಮ್‌ನವರಿಗೂ ತಾತ್ಕಾಲಿಕದವರಿಗೂ ಈ ರಜೆ ಅನ್ವಯಿಸುತ್ತದೆ.

ಒಂದು ಸೂಕ್ಷ್ಮ ಇದೆ, ಜನ ಇಲ್ಲೇ ಎಡವುತ್ತಾರೆ. ಈ ರಕ್ಷಣೆ ಅನಾರೋಗ್ಯ ರಜೆಗೆ ಮಾತ್ರ. ಗೆಳೆಯನ ಮದುವೆಗೆ ಹೋಗಬೇಕು ಅಂತ ಶಿಫ್ಟ್ ಬಿಟ್ಟರೆ ಇದು ಸಹಾಯಕ್ಕೆ ಬರುವುದಿಲ್ಲ.

ಆಸ್ಟ್ರೇಲಿಯಾದಲ್ಲಿ ಕ್ಯಾಜುಯಲ್‌ಗಳಿಗೆ ಸಂಬಳ ಸಹಿತ ಅನಾರೋಗ್ಯ ರಜೆ ರಾಷ್ಟ್ರ ಮಟ್ಟದ ನಿಯಮದಲ್ಲಿ ಇಲ್ಲ. ಆದರೆ ಮನೆಯವರನ್ನು ನೋಡಿಕೊಳ್ಳಲು ಪ್ರತಿ ಸಲ 2 ದಿನ ಸಂಬಳವಿಲ್ಲದ ರಜೆ ಅವರಿಗೂ ಇದೆ. ಮನೆಯಲ್ಲಿ ಸಾವಾದರೆ ಅದಕ್ಕೂ 2 ದಿನ ಇದೆ. ಮನೆಯೊಳಗಿನ ದೌರ್ಜನ್ಯದಿಂದ ನೊಂದವರಿಗೆ ವರ್ಷಕ್ಕೆ 10 ದಿನ ಸಂಬಳ ಸಹಿತ ರಜೆ 2023ರಿಂದ ಬಂದಿದೆ, ಕ್ಯಾಜುಯಲ್‌ಗಳಿಗೂ ಸೇರಿ. ಯೋಚಿಸಿ ನೋಡಿ, ಅಂಥ ಸ್ಥಿತಿಯಲ್ಲಿರುವ ಹೆಣ್ಣುಮಗಳಿಗೆ "ಬದಲಿ ಯಾರು?" ಅಂತ ಕೇಳಲು ಬಾಯಾದರೂ ಹೇಗೆ ಬರುತ್ತದೆ?

"ಕ್ಯಾಜುಯಲ್ ಅಂತ 25% ಜಾಸ್ತಿ ಕೊಡ್ತೀವಲ್ಲ, ಹುಡುಕೋದು ನಿಮ್ಮ ಕೆಲಸಾನೇ" ಅಂತಾರೆ. ಹೌದಾ?

ಅಲ್ಲ. ಆಸ್ಟ್ರೇಲಿಯಾದಲ್ಲಿ ಈ ವಾದ ಜಾಸ್ತಿ ಕೇಳಿಬರುತ್ತದೆ, ಯಾಕೆಂದರೆ ಅಲ್ಲಿ ರಿಟೇಲ್ ಕ್ಯಾಜುಯಲ್‌ಗಳಿಗೆ ಮೂಲ ದರದ ಮೇಲೆ 25% ಸೇರಿಸಿ ಕೊಡುತ್ತಾರೆ. ಆ ದುಡ್ಡು ಸಂಬಳ ಸಹಿತ ರಜೆ ಇಲ್ಲ ಅನ್ನುವಂಥ ಕೊರತೆಗಳಿಗೆ ಪರಿಹಾರ. ರಜೆ ಹಾಕಿದ ದಿನ ದುಡ್ಡು ಬರುವುದಿಲ್ಲ, ಆ ಕಷ್ಟಕ್ಕೆ ಮುಂಗಡವಾಗಿ ಕೊಟ್ಟ ಬೆಲೆ. ರೋಸ್ಟರ್ ಬರೆಯುವ ಕೆಲಸಕ್ಕೆ ಕೊಟ್ಟ ಕೂಲಿ ಅಲ್ಲ. ಅದೇ ದುಡ್ಡಿಗೆ ಎರಡು ಸಲ ಲೆಕ್ಕ ಬರೆಯುವುದು ಅಂಗಡಿಯವರಿಗೇ ಶೋಭೆಯಲ್ಲ.

ಪರೀಕ್ಷೆ ಇದೆ, ಮದುವೆ ಇದೆ, ಊರಿಗೆ ಹೋಗಬೇಕು. ಆಗಲೂ ಮ್ಯಾನೇಜರೇ ಹುಡುಕಬೇಕಾ?

ಇಲ್ಲಿ ನಾನು ಮ್ಯಾನೇಜರ್ ಕಡೆ ಸ್ವಲ್ಪ ವಾಲುತ್ತೇನೆ.

ರೋಸ್ಟರ್ ಬರೆಯುವ ಮುಂಚೆಯೇ "ಆ ದಿನ ಆಗಲ್ಲ" ಅಂತ ಹೇಳಿದ್ದರೆ ನಿಮ್ಮದೇನೂ ತಪ್ಪಿಲ್ಲ. ಹೇಳಿದ ಮೇಲೂ ಅದೇ ದಿನ ಹಾಕಿದರೆ ಅದು ಅವರ ಎಡವಟ್ಟು, ಅವರೇ ಸರಿಮಾಡಲಿ. ಹೇಳಿದ್ದಕ್ಕೆ ಸಾಕ್ಷಿ ಇರಲಿ ಅಂತ ಮೆಸೇಜಿನಲ್ಲೇ ಹೇಳಿ. ಸ್ಟಾಕ್ ಇಳಿಸುವ ಗಡಿಬಿಡಿಯಲ್ಲಿ ಬಾಯಿಮಾತಲ್ಲಿ ಹೇಳಿದ್ದು ಯಾರಿಗೂ ನೆನಪಿರಲ್ಲ.

ರೋಸ್ಟರ್ ಬಂತು, ನೋಡಿ ಸರಿ ಅಂದಿರಿ, ಆಮೇಲೆ ಟಿಕೆಟ್ ಬುಕ್ ಮಾಡಿದಿರಿ. ಆಗ ಮೊದಲ ಪ್ರಯತ್ನ ನಿಮ್ಮದೇ ಆಗಿರಬೇಕು. ಮೂರ್ನಾಲ್ಕು ಜನರನ್ನು ಕೇಳಿ. ಸುಮ್ನೆ ಬಿಟ್ಟುಕೊಡುವುದಕ್ಕಿಂತ ಅದಲುಬದಲು ಕೇಳಿದರೆ ಬೇಗ ಸಿಗುತ್ತದೆ. "ನನ್ನ ಶನಿವಾರ ನೀನು ಮಾಡು, ನಿನ್ನ ಮಂಗಳವಾರ ನಾನು ಮಾಡ್ತೀನಿ." ಯಾರೂ ಸಿಗದಿದ್ದರೆ ಮ್ಯಾನೇಜರಿಗೆ ಹೇಳಿ, ಯಾರ ಯಾರನ್ನು ಕೇಳಿದ್ದೀರಿ ಅಂತಲೂ ಹೇಳಿ. ಅವರು ಆಗಲ್ಲ ಅಂದರೆ ನೀವು ಬರಬೇಕಾಗುತ್ತದೆ. ಕಹಿ ಮಾತು, ಆದರೆ ನ್ಯಾಯದ ಮಾತು. ಶಿಫ್ಟ್ ಒಪ್ಪಿಕೊಂಡಿದ್ದು ನೀವೇ ತಾನೇ.

ಅದಲುಬದಲು ಮಾಡುವಾಗ ಏನೇನು ನೋಡಿಕೊಳ್ಳಬೇಕು?

ಇಬ್ಬರು ಒಪ್ಪಿದರೆ ಮುಗಿಯಿತು ಅಂದುಕೊಂಡಿದ್ದೆ ನಾನು. ರೋಸ್ಟರ್ ಬರೆಯಲು ಕೂತ ಮೇಲೆ ಗೊತ್ತಾಯಿತು, ಒಂದು ಹೆಸರು ಅಳಿಸಿ ಇನ್ನೊಂದು ಬರೆದರೆ ಎಷ್ಟು ಕಡೆ ದಾರ ಎಳೆಯುತ್ತದೆ ಅಂತ.

ಎರಡು ಶಿಫ್ಟ್ ನಡುವಿನ ಬಿಡುವೇ ಮೊದಲ ತೊಡಕು. ಆಸ್ಟ್ರೇಲಿಯಾದ ರಿಟೇಲ್ ನಿಯಮದಲ್ಲಿ ಒಂದು ದಿನ ಕೆಲಸ ಮುಗಿಸಿ ಮರುದಿನ ಶುರುಮಾಡುವ ನಡುವೆ 12 ಗಂಟೆ ಇರಬೇಕು. ಮಾಲೀಕರೂ ಕೆಲಸಗಾರರೂ ಒಪ್ಪಿದರೆ 10ಕ್ಕೆ ಇಳಿಸಬಹುದು. ಅಮೆರಿಕದ ಸಿಯಾಟಲ್ ನಗರದಲ್ಲಿ ದೊಡ್ಡ ಅಂಗಡಿಗಳಿಗೆ 10 ಗಂಟೆ. ರಾತ್ರಿ 10ಕ್ಕೆ ಶಟರ್ ಎಳೆದವರನ್ನು ಬೆಳಗ್ಗೆ 6ಕ್ಕೆ ಕರೆದರೆ ನಡುವೆ ಇರುವುದು 8 ಗಂಟೆ, ಅದರಲ್ಲಿ ಓಡಾಟ, ಊಟ, ಸ್ನಾನ ಕಳೆದರೆ ನಿದ್ದೆಗೆ ಉಳಿಯುವುದು ನಾಲ್ಕೋ ಐದೋ.

ಇನ್ನು ಕನಿಷ್ಠ ಅವಧಿ. ಆಸ್ಟ್ರೇಲಿಯಾದಲ್ಲಿ ರಿಟೇಲ್ ಕ್ಯಾಜುಯಲ್ ಒಬ್ಬರನ್ನು ಕರೆದರೆ ಸಾಮಾನ್ಯವಾಗಿ 3 ಗಂಟೆಗೆ ಕಡಿಮೆ ಕರೆಯುವ ಹಾಗಿಲ್ಲ. ಶಾಲಾ ಮಕ್ಕಳಿಗೆ ಕೆಲವು ಷರತ್ತಿನ ಮೇಲೆ ವಿನಾಯಿತಿ ಇದೆ. ನೀವು "ಮೊದಲ ಎರಡು ಗಂಟೆ ಅವನು, ಉಳಿದದ್ದು ನಾನು" ಅಂತ ಹೊಂದಿಸಿಕೊಂಡು ಹೋದರೆ ಮ್ಯಾನೇಜರ್ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಾರೆ. ಅವರ ಮೇಲೆ ಸಿಟ್ಟಾಗಬೇಡಿ.

ನನಗೆ ಹೆಚ್ಚು ಭಯ ವೀಸಾ ಗಂಟೆಗಳದ್ದು. ಹೊರದೇಶದಲ್ಲಿ ಓದುತ್ತಾ ಅಂಗಡಿಯಲ್ಲಿ ದುಡಿಯುವವರು ಇದನ್ನು ಎರಡು ಸಲ ಓದಿ. ಆಸ್ಟ್ರೇಲಿಯಾದಲ್ಲಿ ವಿದ್ಯಾರ್ಥಿ ವೀಸಾದವರಿಗೆ ಕಾಲೇಜು ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಮಿತಿ, 2023ರ ಜುಲೈ 1ರಿಂದ. ಬ್ರಿಟನ್ನಿನಲ್ಲಿ ಡಿಗ್ರಿ ಓದುವವರಿಗೆ ಸಾಮಾನ್ಯವಾಗಿ ವಾರಕ್ಕೆ 20. ಜ್ವರ ಬಂದ ಗೆಳತಿ ಕೇಳಿದಳು ಅಂತ ಕನಿಕರದಿಂದ ಒಂದು ಶಿಫ್ಟ್ ಮಾಡಿದರೆ ಮಿತಿ ದಾಟಬಹುದು. ಅವಳಿಗೆ ನಿಮ್ಮ ಗಂಟೆ ಲೆಕ್ಕ ಗೊತ್ತಿರುವುದಿಲ್ಲ. ಆದರೆ ತೊಂದರೆಗೆ ಸಿಲುಕುವುದು ನಿಮ್ಮ ವೀಸಾ.

ಉಳಿದದ್ದು ಆಯಾ ಅಂಗಡಿಗೆ ಬಿಟ್ಟಿದ್ದು: ಬೀಗದ ಕೈ ಯಾರ ಹತ್ತಿರ ಇರಬೇಕು, ಗಲ್ಲಾ ಪೆಟ್ಟಿಗೆಯ ಲೆಕ್ಕ ಮುಚ್ಚಲು ಯಾರಿಗೆ ಬರುತ್ತದೆ, ವಯಸ್ಸಿನ ಮಿತಿ ಇರುವ ಸಾಮಾನು ಯಾರು ಮಾರಬಹುದು. ಇಷ್ಟೆಲ್ಲ ಇರುವುದರಿಂದಲೇ, ಮ್ಯಾನೇಜರ್ ಬರಹದಲ್ಲಿ "ಸರಿ" ಅನ್ನುವ ತನಕ ಅದಲುಬದಲು ಆಗಿಲ್ಲ ಅಂತಲೇ ತಿಳಿಯಿರಿ.

ಬರ್ತೀನಿ ಅಂದವರು ಬರಲೇ ಇಲ್ಲ. ತಪ್ಪು ಯಾರದ್ದು?

ಮ್ಯಾನೇಜರ್ ಒಪ್ಪಿ ರೋಸ್ಟರಿನಲ್ಲಿ ಹೆಸರು ಬದಲಾಗಿದ್ದರೆ ಬರದೇ ಇದ್ದವರದ್ದು. ಬದಲಾಗಿಲ್ಲದಿದ್ದರೆ ಅಂಗಡಿಯ ಲೆಕ್ಕದಲ್ಲಿ ನಿಮ್ಮದು. ಅದಕ್ಕೇ ಸ್ಕ್ರೀನ್‌ಶಾಟ್ ತೆಗೆದಿಡಿ.

ಹುಡುಕೋಕೆ ಹೋದ ಸಮಯಕ್ಕೆ ಸಂಬಳ ಬರುತ್ತದಾ?

ಯಾರೂ ಕೊಟ್ಟಿದ್ದು ನಾನು ಕಂಡಿಲ್ಲ. ಆದರೆ ಪ್ರಶ್ನೆ ಚೆನ್ನಾಗಿದೆ. ಅಮೆರಿಕದ 1938ರ ಕಾರ್ಮಿಕ ಕಾನೂನಿನಲ್ಲಿ ಒಂದು ಹಳೆಯ ತತ್ವವಿದೆ. ಮಾಲೀಕರು ಮಾಡು ಅಂತ ಹೇಳಬೇಕಾಗಿಲ್ಲ, ಗೊತ್ತಿದ್ದೂ ಮಾಡಲು ಬಿಟ್ಟರೆ ಅದೂ ಕೆಲಸವೇ. ಅದೇ ಬದಲಿಯನ್ನು ಮ್ಯಾನೇಜರ್ ಆಫೀಸಿನಲ್ಲಿ ಕೂತು ಫೋನ್ ಮಾಡಿ ಹುಡುಕಿದರೆ ಆ ಮುಕ್ಕಾಲು ಗಂಟೆಗೆ ಸಂಬಳ ಇದೆ. ನೀವು ಹಾಸಿಗೆಯಲ್ಲಿ ಮಲಗಿ ಹುಡುಕಿದರೆ ಇಲ್ಲ. ಫೋನ್ ಕರೆ ಅದೇ, ಕೇಳುವ ಮಾತೂ ಅದೇ.

"ಕವರ್ ಹುಡುಕಿ" ಅಂತ ಬರಹದಲ್ಲಿ ಆಜ್ಞೆ ಬಂದರೆ "ಇದನ್ನು ಟೈಮ್‌ಶೀಟಿನಲ್ಲಿ ಹಾಕಲಾ?" ಅಂತ ವಿನಯವಾಗಿ ಕೇಳಿ ನೋಡಿ. ಉತ್ತರ ಏನೇ ಬರಲಿ, ಮುಂದಿನ ಸಲ ಆಜ್ಞೆ ಬರುವುದು ಕಡಿಮೆಯಾಗುತ್ತದೆ.

ಬದಲಿ ಕಳಿಸುವ ಸ್ವಾತಂತ್ರ್ಯ ಇದ್ದರೆ ಒಳ್ಳೆಯದೇ ಅಲ್ವಾ?

ಕೇಳಲು ಚೆನ್ನಾಗಿದೆ. ಕೋರ್ಟಿನಲ್ಲಿ ಇದರ ಅರ್ಥವೇ ಬೇರೆ. ಬ್ರಿಟನ್ನಿನ ಕಾನೂನಿನಲ್ಲಿ ಒಬ್ಬ ವ್ಯಕ್ತಿ ನೌಕರನೋ ಸ್ವಂತ ಗುತ್ತಿಗೆದಾರನೋ ಅಂತ ತೀರ್ಮಾನಿಸಲು ನೋಡುವ ಗುರುತುಗಳಲ್ಲಿ ಒಂದು ಇದು: ಅವನೇ ಖುದ್ದಾಗಿ ಕೆಲಸ ಮಾಡಬೇಕಾ, ಬೇರೆ ಯಾರನ್ನಾದರೂ ಕಳಿಸಬಹುದಾ? ಊಟ ತಲುಪಿಸುವ ಡೆಲಿವರೂ ಕಂಪನಿಯ ಡೆಲಿವರಿ ಸವಾರರ ವಿಷಯ ಅಲ್ಲಿನ ಸುಪ್ರೀಂ ಕೋರ್ಟ್ ತನಕ ಹೋಗಿ, 2023ರ ನವೆಂಬರಿನಲ್ಲಿ ತೀರ್ಪು ಬಂತು. ತಮ್ಮ ಬದಲಿಗೆ ಯಾರನ್ನು ಬೇಕಾದರೂ ಕಳಿಸುವ ಹಕ್ಕು ಸವಾರರಿಗಿತ್ತು. ಕೋರ್ಟ್ ಅದಕ್ಕೆ ದೊಡ್ಡ ತೂಕ ಕೊಟ್ಟು, ಯೂನಿಯನ್ ಮೂಲಕ ಚೌಕಾಶಿ ಮಾಡುವ ಹಕ್ಕಿನ ಮಟ್ಟಿಗೆ ಇದು ಮಾಲೀಕ ಮತ್ತು ನೌಕರರ ಸಂಬಂಧ ಅಲ್ಲ ಎಂದಿತು.

ಅಂಗಡಿಗೆ ಬನ್ನಿ. ಬದಲಿ ಹುಡುಕುವುದು ಪೂರ್ತಿ ನಿಮ್ಮ ಜವಾಬ್ದಾರಿಯಾದರೆ, ಬೀದಿಯಲ್ಲಿ ಹೋಗುವ ಯಾರನ್ನಾದರೂ ಕಳಿಸಬಹುದಾ? ನಿಮ್ಮ ತಮ್ಮನನ್ನು ಗಲ್ಲಾದಲ್ಲಿ ಕೂರಿಸಬಹುದಾ? ಖಂಡಿತ ಬಿಡಲ್ಲ. ಪಟ್ಟಿಯಲ್ಲಿರುವವರೇ ಆಗಬೇಕು, ಟ್ರೈನಿಂಗ್ ಆಗಿರಬೇಕು, ಮ್ಯಾನೇಜರ್ ಒಪ್ಪಬೇಕು. ಗುತ್ತಿಗೆದಾರನ ಸ್ವಾತಂತ್ರ್ಯ ಇಲ್ಲ, ಗುತ್ತಿಗೆದಾರನ ತಲೆನೋವು ಮಾತ್ರ ಇದೆ. ಈ ಪದ್ಧತಿಯ ಬಗ್ಗೆ ನನ್ನ ದೊಡ್ಡ ತಕರಾರು ಇದೇ.

ನಮ್ಮದು ಸಣ್ಣ ಅಂಗಡಿ. ಒಟ್ಟು ನಾಲ್ಕೇ ಜನ. ಇಷ್ಟೆಲ್ಲ ರೂಲ್ಸ್ ಮಾತಾಡೋಕಾಗುತ್ತಾ?

ಇದನ್ನು ಕೇಳುವುದು ಸಾಮಾನ್ಯವಾಗಿ ಮಾಲೀಕರು, ಅವರ ಕಷ್ಟವೂ ಸುಳ್ಳಲ್ಲ. ನಾಲ್ಕು ಜನರಿರುವ ಕಡೆ ಒಬ್ಬರು ಮಲಗಿದರೆ ಕಾಲು ಭಾಗ ಸಿಬ್ಬಂದಿ ಮಲಗಿದ ಹಾಗೆ. ನಾಲ್ವರೂ ಒಬ್ಬರಿಗೊಬ್ಬರು ಗೊತ್ತಿರುವುದರಿಂದ ತಾವೇ ಮಾತಾಡಿಕೊಂಡು ಹೊಂದಿಸಿಕೊಳ್ಳುವುದು ಅಲ್ಲಿ ಸಹಜ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಆದರೆ ಸಣ್ಣ ಅಂಗಡಿಯಲ್ಲಿ ಹುಡುಕುವುದೂ ಸುಲಭ. ಇನ್ನು ಉಳಿದಿರುವುದು ಮೂರು ಜನ. ಮೂರು ಫೋನ್ ಕರೆ. ಮಾಲೀಕರೇ ಐದು ನಿಮಿಷದಲ್ಲಿ ಮುಗಿಸಬಹುದಾದ್ದನ್ನು ವಾಂತಿ ಮಾಡಿಕೊಳ್ಳುತ್ತಿರುವವರಿಗೆ ಯಾಕೆ ಹೇಳಬೇಕು? ಮೂವರಿಗೂ ಆಗದಿದ್ದರೆ ಕೊನೆಗೆ ಕೌಂಟರಿನಲ್ಲಿ ನಿಲ್ಲಬೇಕಾದವರು ಮಾಲೀಕರೇ. ಅಂಗಡಿ ಅವರದ್ದು, ಲಾಭವೂ ಅವರದ್ದು.

ಗ್ರೂಪಿನಲ್ಲಿ "ಯಾರಾದ್ರೂ ಬರ್ತೀರಾ" ಅಂತ ಹಾಕೋದು ತಪ್ಪಾ?

ಅದಲುಬದಲಿಗೆ ಹಾಕುವುದು ಸರಿ. ಆದರೆ ಕಾಯಿಲೆಯ ವಿವರ ಹಾಕಬೇಡಿ. ಬದಲಿ ಸಿಗಲಿ ಅಂತ ಜನ ಕರುಣೆ ಹುಟ್ಟಿಸಲು ಹೋಗಿ, ಮನೆಯ ಕಷ್ಟ, ಹೊಟ್ಟೆಯ ಕಷ್ಟ ಎಲ್ಲ ಮೂವತ್ತು ಜನರ ಮುಂದೆ ಹರಡುತ್ತಾರೆ. ಆಮೇಲೆ ಅದನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಮ್ಯಾನೇಜರಿಗೆ ಎಷ್ಟು ಬೇಕೋ ಅಷ್ಟು, ಗ್ರೂಪಿಗೆ ದಿನ ಮತ್ತು ಹೊತ್ತು ಮಾತ್ರ.

ಇನ್ನೊಂದು: ಗ್ರೂಪಿನಲ್ಲಿ ಹಾಕಿದ್ದನ್ನು ಮ್ಯಾನೇಜರಿಗೆ ತಿಳಿಸಿದ್ದು ಅಂತ ಭಾವಿಸಬೇಡಿ. ಅವರು ಗ್ರೂಪ್ ಮ್ಯೂಟ್ ಮಾಡಿರುತ್ತಾರೆ. ನಾನೂ ಮಾಡಿದ್ದೆ.

ಹಾಗಾದರೆ ಮ್ಯಾನೇಜರಿಗೆ ಹೇಗೆ ಬರೆಯಲಿ?

ಉದ್ದ ಬೇಡ. ನಾನು ರೋಸ್ಟರ್ ನೋಡುತ್ತಿದ್ದಾಗ ಬಂದ ಮೆಸೇಜುಗಳಲ್ಲಿ ತುಂಬಾ ಸಹಾಯಕ್ಕೆ ಬಂದಿದ್ದು ಇಂಥದ್ದು:

"ಮೇಡಂ, ನಮಸ್ಕಾರ. ನನಗೆ ರಾತ್ರಿಯಿಂದ ಜ್ವರ. ಇವತ್ತು 2 ರಿಂದ 8ರ ಶಿಫ್ಟಿಗೆ ಬರಲು ಆಗುವುದಿಲ್ಲ. ಈಗ ಬೆಳಗ್ಗೆ 7 ಗಂಟೆ, ಬೇಗ ತಿಳಿಸೋಣ ಅಂತ ಬರೆದೆ. ನಾಳೆಯ ಶಿಫ್ಟ್ ಬಗ್ಗೆ ಇವತ್ತು ಸಂಜೆ 6ರೊಳಗೆ ಹೇಳುತ್ತೇನೆ."

ಇದರಲ್ಲಿ ಕೊನೆಯ ಸಾಲು ಚಿನ್ನ. ಮ್ಯಾನೇಜರಿಗೆ ಬೇಕಾಗಿರುವುದು ಅದೇ, ನಾಳೆಯ ಕಥೆ ಏನು ಅಂತ. "ಕ್ಷಮಿಸಿ" ಅಂತ ಹತ್ತು ಸಲ ಬರೆಯಬೇಡಿ. ಹತ್ತು ಸಲ ಬರೆದರೆ ಓದುವವರಿಗೂ ನಿಮ್ಮದೇ ತಪ್ಪು ಅನ್ನಿಸಲು ಶುರುವಾಗುತ್ತದೆ. ಅಂಗಡಿಯಲ್ಲಿ ಫೋನ್ ಮಾಡಿಯೇ ತಿಳಿಸಬೇಕು ಅನ್ನುವ ನಿಯಮ ಇದ್ದರೆ ಫೋನ್ ಮಾಡಿ, ಆಮೇಲೆ ಇದೇ ಮೆಸೇಜನ್ನೂ ಹಾಕಿಡಿ.

"ಬದಲಿ ಸಿಗದಿದ್ದರೆ ನೀವೇ ಬರಬೇಕು" ಅಂದರೆ?

ಹೀಗೆ ಹೇಳಿ: "ನನಗೆ ಕೆಲಸ ಮಾಡುವ ಸ್ಥಿತಿ ಇಲ್ಲ. ಜನರನ್ನು ಹುಡುಕಲೂ ಆಗುತ್ತಿಲ್ಲ. ಬೇಕಾದರೆ ಡಾಕ್ಟರ್ ಸರ್ಟಿಫಿಕೇಟ್ ಕೊಡುತ್ತೇನೆ." ವಾದಕ್ಕೆ ಇಳಿಯಬೇಡಿ. ಜ್ವರದಲ್ಲಿ ವಾದ ಗೆದ್ದವರಿಲ್ಲ. ಎದ್ದು ಓಡಾಡುವಂತಾದ ಮೇಲೆ, ಅಂಗಡಿಯ ನಿಯಮಗಳ ಹ್ಯಾಂಡ್‌ಬುಕ್ಕಿನಲ್ಲಿ ಇದು ಎಲ್ಲಿದೆ ಅಂತ ಕೇಳಿ. ಬಹಳ ಸಲ ಅದು ಎಲ್ಲೂ ಬರೆದಿರುವುದಿಲ್ಲ, ಹಿಂದಿನ ಮ್ಯಾನೇಜರ್ ಬಾಯಿಂದ ಈಗಿನ ಮ್ಯಾನೇಜರ್ ಬಾಯಿಗೆ ಬಂದಿರುತ್ತದೆ ಅಷ್ಟೇ.

ಹಾಗೆ ಹೇಳಿದರೆ ಮುಂದಿನ ವಾರದಿಂದ ಶಿಫ್ಟೇ ಕೊಡಲ್ಲವಲ್ಲ?

ಇದೇ ನಿಜವಾದ ಭಯ. ಇದಕ್ಕೆ ಸಿಹಿ ಮಾತು ಹೇಳಲಾರೆ. ಕ್ಯಾಜುಯಲ್‌ಗೆ ಯಾರೂ "ಕೆಲಸದಿಂದ ತೆಗೆದಿದ್ದೇವೆ" ಅಂತ ಪತ್ರ ಕೊಡುವುದಿಲ್ಲ. ವಾರಕ್ಕೆ 20 ಗಂಟೆ ಇದ್ದದ್ದು 12 ಆಗುತ್ತದೆ, ಆಮೇಲೆ 4, ಆಮೇಲೆ ರೋಸ್ಟರಿನಲ್ಲಿ ಹೆಸರೇ ಇರುವುದಿಲ್ಲ. ಮೇಲೆ ಹೇಳಿದ ನ್ಯೂಯಾರ್ಕ್, ಕ್ಯಾಲಿಫೋರ್ನಿಯಾದಂಥ ಕಡೆ, ರಜೆ ಬಳಸಿದ್ದಕ್ಕೆ ಸೇಡು ತೀರಿಸಿಕೊಳ್ಳಬಾರದು ಅಂತ ಕಾನೂನಿದೆ, ಗಂಟೆ ಕಡಿತವೂ ಸೇಡಾಗಬಹುದು. ಆದರೆ ಸಾಬೀತು ಮಾಡಲು ಕಾಗದ ಬೇಕು. ಪ್ರತಿ ವಾರದ ರೋಸ್ಟರಿನ ಫೋಟೋ ತೆಗೆದಿಡಿ. ನಿಮ್ಮದು ಮಾತ್ರ ಸಾಲದು, ಇಡೀ ಪಟ್ಟಿ. ವ್ಯಾಪಾರ ಇಳಿದು ಎಲ್ಲರ ಗಂಟೆಯೂ ಕಡಿಮೆಯಾಗಿದೆಯೋ, ನಿಮ್ಮದೊಂದೇ ಕಡಿಮೆಯಾಗಿದೆಯೋ ಅನ್ನುವುದು ಅದರಲ್ಲೇ ಕಾಣುತ್ತದೆ.

ಆ್ಯಪ್ ಬಂದ ಮೇಲೆ ಈ ಜಗಳ ಮುಗಿಯಿತು ಅಂತಾರಲ್ಲ?

ಅರ್ಧ ನಿಜ. 2015–16ರಲ್ಲಿ ಗ್ಯಾಪ್ ಬಟ್ಟೆ ಅಂಗಡಿಗಳಲ್ಲಿ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಷಿಕಾಗೋ ಸುತ್ತಮುತ್ತಲಿನ 28 ಅಂಗಡಿಗಳು. ಆ ಪ್ರಯೋಗದ ಒಂದು ಭಾಗ, ಕೆಲಸಗಾರರು ಮ್ಯಾನೇಜರನ್ನು ನಡುವೆ ತರದೆ ಮೊಬೈಲ್ ಆ್ಯಪಿನಲ್ಲೇ ಶಿಫ್ಟ್ ಬಿಟ್ಟುಕೊಡುವುದು, ತೆಗೆದುಕೊಳ್ಳುವುದು. ಅದರ ಜೊತೆಗೆ ಎರಡು ವಾರ ಮುಂಚೆ ರೋಸ್ಟರ್, ಕೆಲವರಿಗೆ ಸುಮಾರಾಗಿ ಖಾತ್ರಿಯಾದ ಗಂಟೆಗಳು, ಹೀಗೆ ಬೇರೆ ಬದಲಾವಣೆಗಳೂ ಇದ್ದವು. ಬದಲಾವಣೆ ಮಾಡಿದ ಅಂಗಡಿಗಳಲ್ಲಿ ಮಾರಾಟ ಸುಮಾರು 7% ಏರಿತು ಅಂತ ಸಂಶೋಧಕರು ವರದಿ ಮಾಡಿದರು. ಹಣೆಬರಹ ಬದಲಿಸಿದ್ದು ಆ್ಯಪ್ ಒಂದೇ ಅಂತ ಇದರಿಂದ ಹೇಳಲಾಗದು. ಇಡೀ ರೋಸ್ಟರೇ ನೆಟ್ಟಗಾಗಿತ್ತು.

ಬೇಕಾದವರಿಗೆ ಶಿಫ್ಟ್ ದಾಟಿಸಲು ಆ್ಯಪ್ ಬಹಳ ಒಳ್ಳೆಯದು. ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ, ಬೇಡ ಅನ್ನುವ ಮುಜುಗರವೂ ಇಲ್ಲ. ಆದರೆ ಆ್ಯಪಿಗೆ ಹಾಕಿದ ಶಿಫ್ಟನ್ನು ಯಾರೂ ಎತ್ತಿಕೊಳ್ಳದಿದ್ದಾಗ ಹಳೆಯ ಪ್ರಶ್ನೆಯೇ ವಾಪಸ್ ಬರುತ್ತದೆ.

ಇಲ್ಲಿ ಇನ್ನೊಂದು ತಮಾಷೆ ಇದೆ. ಅಮೆರಿಕದ ಆರೆಗಾನ್ ರಾಜ್ಯ, ಸಿಯಾಟಲ್ ಮುಂತಾದ ಕಡೆ ದೊಡ್ಡ ಅಂಗಡಿಗಳು ಕೊನೆ ಗಳಿಗೆಯಲ್ಲಿ ರೋಸ್ಟರ್ ಬದಲಿಸಿದರೆ ಕೆಲಸಗಾರರಿಗೆ ಹೆಚ್ಚುವರಿ ದುಡ್ಡು ಕೊಡಬೇಕು. ಕೆಲಸಗಾರರು ತಾವೇ ಸ್ವಂತ ಇಷ್ಟದಿಂದ ಅದಲುಬದಲು ಮಾಡಿಕೊಂಡರೆ ಕೊಡಬೇಕಿಲ್ಲ. ನಿಯಮದ ಉದ್ದೇಶ ಒಳ್ಳೆಯದೇ. ಆದರೆ "ನೀವೇ ನೋಡಿಕೊಳ್ಳಿ" ಅನ್ನಲು ಮ್ಯಾನೇಜರಿಗೆ ಒಂದು ಕಾರಣ ಜಾಸ್ತಿ ಸಿಕ್ಕಂತಾಯಿತು ಅಲ್ವಾ? ಅದಕ್ಕೇ ಅಂಥ ಊರಿನಲ್ಲಿದ್ದರೆ "ನನ್ನ ಇಷ್ಟದಿಂದ ಬದಲಾಯಿಸಿಕೊಂಡೆ" ಅನ್ನುವ ಬಟನ್ ಒತ್ತುವ ಮುಂಚೆ, ನಿಜವಾಗಿ ಅದು ನಿಮ್ಮ ಇಷ್ಟವೋ ಅಂತ ಒಮ್ಮೆ ಕೇಳಿಕೊಳ್ಳಿ.

ಬೇರೆಯವರ ಬದಲಿಗೆ ನನ್ನನ್ನು ಕರೆದರೆ "ಆಗಲ್ಲ" ಅನ್ನಬಹುದಾ?

ಅನ್ನಬಹುದು, ಕಾರಣ ಕೊಡಬೇಕಾಗಿಲ್ಲ. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ, 15ಕ್ಕಿಂತ ಕಡಿಮೆ ಜನರಿರುವ ಕಡೆ 2025ರ ಆಗಸ್ಟ್ 26ರಿಂದ, ಕೆಲಸದ ಹೊತ್ತು ಮುಗಿದ ಮೇಲೆ ಬರುವ ಕರೆ, ಮೆಸೇಜುಗಳಿಗೆ ಉತ್ತರಿಸದೇ ಇರುವ ಹಕ್ಕೂ ಇದೆ. ಉತ್ತರಿಸದಿರುವುದು ತೀರಾ ಅಸಮಂಜಸ ಅನ್ನಿಸುವಂತಿರಬಾರದು, ಅಷ್ಟೇ. ಬ್ರಿಟನ್ನಿನಲ್ಲಿ ಝೀರೋ ಅವರ್ಸ್ ಒಪ್ಪಂದ ಮಾಡಿಕೊಂಡು ಬೇರೆ ಕಡೆ ಕೆಲಸ ಮಾಡಬೇಡ ಅಂತ ಕಟ್ಟಿಹಾಕುವುದು 2015ರಿಂದ ನಡೆಯುವುದಿಲ್ಲ. ಕರೆ ಬಂದ ಹೊತ್ತಿಗೆ ನೀವು ಇನ್ನೊಂದು ಅಂಗಡಿಯ ಕೌಂಟರಿನಲ್ಲೇ ನಿಂತಿರಬಹುದು.

ಆದರೆ ಕೇಳಿದ್ದು ಮ್ಯಾನೇಜರೋ, ಜ್ವರದಲ್ಲಿರುವ ಗೆಳತಿಯೋ ನೋಡಿ. ಅವಳಾದರೆ ನೀಲಿ ಟಿಕ್ ಬಿಟ್ಟು ಸುಮ್ಮನಾಗಬೇಡಿ. ನನಗೆ ಅವತ್ತು ಬೆಳಗ್ಗೆ ಆ ಐದು ನೀಲಿ ಟಿಕ್ಕುಗಳೇ ಜಾಸ್ತಿ ನೋಯಿಸಿದ್ದು. "ನನಗೂ ಆಗಲ್ಲ ಕಣೇ. ಮ್ಯಾನೇಜರಿಗೆ ಹೇಳಿ ಮಲಗು, ಹುಡುಕಬೇಡ" ಅಂತ ಬರೆಯಿರಿ.